ತಮ್ಮನ ಹಳದಿ ಕಾರ್ಡು, ಮಗಳ ಡಿಸ್ಲೆಕ್ಸಿಯಾ: ತೆರಿಗೆಯಲ್ಲಿ ನಿಜಕ್ಕೂ ಉಳಿಯುವುದೆಷ್ಟು?

ಪ್ರಶ್ನೆ: ನಾನು ಮೈಸೂರಿನಲ್ಲಿ ಖಾಸಗಿ ಕಂಪನಿಯ ಉದ್ಯೋಗಿ. ವರ್ಷಕ್ಕೆ 15 ಲಕ್ಷ ಸಂಬಳ, ಮನೆ ಸಾಲ ಇದೆ. ತಂದೆ ತೀರಿಕೊಂಡು ಮೂರು ವರ್ಷವಾಯಿತು. 29 ವರ್ಷದ ತಮ್ಮನಿಗೆ ಬುದ್ಧಿಮಾಂದ್ಯತೆ, ಸರ್ಟಿಫಿಕೇಟ್‌ನಲ್ಲಿ 75% ಎಂದು ಬರೆದಿದೆ. ಅವನೂ ಅಮ್ಮನೂ ನಮ್ಮ ಜೊತೆಗೇ ಇದ್ದಾರೆ. ತಂದೆ ಅವನ ಹೆಸರಿನಲ್ಲಿ 12 ಲಕ್ಷ ಎಫ್‌ಡಿ ಇಟ್ಟುಹೋಗಿದ್ದಾರೆ, ಅದರ ಬಡ್ಡಿಗೆ ಬ್ಯಾಂಕಿನವರು ಟಿಡಿಎಸ್ ಹಿಡಿದಿದ್ದಾರೆ. 11 ವರ್ಷದ ಮಗಳಿಗೆ ಡಿಸ್ಲೆಕ್ಸಿಯಾ (ಓದು ಬರಹ ಕಲಿಯುವುದರಲ್ಲಿ ತೊಡಕು) ಇದೆ ಎಂದು ಮನಶ್ಶಾಸ್ತ್ರಜ್ಞರು ರಿಪೋರ್ಟ್ ಕೊಟ್ಟಿದ್ದಾರೆ, ವಾರಕ್ಕೆ ಎರಡು ದಿನ ಥೆರಪಿ ನಡೆಯುತ್ತಿದೆ. ಪತ್ನಿ ಖಾಸಗಿ ಶಾಲೆಯಲ್ಲಿ ಟೀಚರ್, ವರ್ಷಕ್ಕೆ 5 ಲಕ್ಷದ ಆಸುಪಾಸು. ಆಫೀಸಿನ ಎಚ್‌ಆರ್ ‘ಈಗ ಯಾವ ವಿನಾಯಿತಿಯೂ ಇಲ್ಲ’ ಅಂತಾರೆ. ರಿಟರ್ನ್ ತುಂಬುವ ಏಜೆಂಟ್ ‘ಇಬ್ಬರಿಗೂ ಸೇರಿಸಿ ಒಂದೂವರೆ ಲಕ್ಷ ಹಾಕಿಬಿಡೋಣ’ ಅಂತಾರೆ. ಯಾರ ಮಾತು ಕೇಳಲಿ? ಹಿಂದಿನ ವರ್ಷಗಳದ್ದೂ ಸಿಗುತ್ತದಾ?

ಉತ್ತರ:

ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ಎಚ್‌ಆರ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಏಜೆಂಟ್ ಮಾತು ಕೇಳಿದರೆ ಮುಂದೆ ನೋಟಿಸ್ ಬಂದಾಗ ಉತ್ತರ ಕೊಡಬೇಕಾದವರು ನೀವು, ಅವರಲ್ಲ. ಒಂದೊಂದಾಗಿ ನೋಡೋಣ. ಸ್ವಲ್ಪ ಉದ್ದವಾಗುತ್ತದೆ, ಯಾಕೆಂದರೆ ನಿಮ್ಮ ಮನೆಯಲ್ಲಿ ಇಬ್ಬರಿದ್ದಾರೆ, ಇಬ್ಬರ ವಿಷಯವೂ ಬೇರೆ ಬೇರೆ. ಜನ ‘ಕಲಿಕೆಯ ತೊಂದರೆ’ ಅಂತ ಎರಡನ್ನೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ, ಕಾನೂನು ಹಾಗೆ ನೋಡುವುದಿಲ್ಲ.

ಮೊದಲು ತಮ್ಮನ ವಿಷಯ, ಅದು ಸ್ಪಷ್ಟವಾಗಿದೆ.

ಆದಾಯ ತೆರಿಗೆ ಕಾಯ್ದೆಯಲ್ಲಿ ಎರಡು ಸೆಕ್ಷನ್ ಇವೆ. 80ಯು ಎಂಬುದು ನ್ಯೂನತೆ ಇರುವವರಿಗೇ ಆದಾಯವಿದ್ದು ಅವರೇ ತೆರಿಗೆ ಕಟ್ಟುತ್ತಿದ್ದರೆ. 80ಡಿಡಿ ಎಂಬುದು ಅವರನ್ನು ಸಾಕುತ್ತಿರುವ ಮನೆಯವರಿಗೆ. ಎರಡರಲ್ಲೂ ಮೊತ್ತ ಒಂದೇ: ನ್ಯೂನತೆ 40% ಅಥವಾ ಜಾಸ್ತಿ ಇದ್ದರೆ 75,000 ರೂಪಾಯಿ, 80% ಅಥವಾ ಜಾಸ್ತಿ ಇದ್ದರೆ 1,25,000 ರೂಪಾಯಿ ನಿಮ್ಮ ಆದಾಯದಿಂದ ಕಳೆಯುತ್ತಾರೆ. ಗಮನಿಸಿ, ಇದು ತೆರಿಗೆಯಿಂದ ಕಳೆಯುವುದಲ್ಲ, ಆದಾಯದಿಂದ. ಮತ್ತೆ ಇದು ನಿಗದಿತ ಮೊತ್ತ. ನೀವು ವರ್ಷಕ್ಕೆ 30,000 ಖರ್ಚು ಮಾಡಿದರೂ ಅಷ್ಟೇ, 3 ಲಕ್ಷ ಮಾಡಿದರೂ ಅಷ್ಟೇ. ಬಿಲ್‌ಗಳನ್ನು ರಿಟರ್ನ್ ಜೊತೆ ಲಗತ್ತಿಸಬೇಕಾಗಿಲ್ಲ. ಆದರೆ ಖರ್ಚು ಆಗಿರಲೇಬೇಕು, ಹಾಗಾಗಿ ಔಷಧಿ ಚೀಟಿ, ಡೇ ಕೇರ್ ರಸೀದಿ, ಥೆರಪಿ ರಸೀದಿ ಕೆಲವನ್ನಾದರೂ ಒಂದು ಕವರಿನಲ್ಲಿ ಹಾಕಿಡಿ.

ಯಾರು ಯಾರಿಗೆ ಕ್ಲೇಮ್ ಮಾಡಬಹುದು ಎಂಬುದನ್ನು ಕಾನೂನೇ ಹೇಳುತ್ತದೆ: ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ. ತಮ್ಮ ಈ ಪಟ್ಟಿಯಲ್ಲಿದ್ದಾನೆ, ಹಾಗಾಗಿ ನೀವು ಮಾಡಬಹುದು. ನಿಮ್ಮ ಪತ್ನಿ ಮಾಡುವಂತಿಲ್ಲ, ಮೈದುನ ಪಟ್ಟಿಯಲ್ಲಿಲ್ಲ. ಮೊಮ್ಮಗುವಿನ ಥೆರಪಿಗೆ ದುಡ್ಡು ಕೊಡುವ ಎಷ್ಟೋ ಅಜ್ಜಂದಿರು ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ, ಅವರಿಗೂ ಇದು ಸಿಗುವುದಿಲ್ಲ. ಅವಿಭಕ್ತ ಕುಟುಂಬದ ಹೆಸರಿನಲ್ಲಿ ಪ್ರತ್ಯೇಕ ಪ್ಯಾನ್ ಇದ್ದು ಅದಕ್ಕೆ ತೆರಿಗೆ ಬೀಳುವ ಆದಾಯವಿದ್ದರೆ ಮಾತ್ರ, ಆ ಕುಟುಂಬದ ಯಾವ ಸದಸ್ಯನಿಗಾದರೂ ಕುಟುಂಬವೇ ಕ್ಲೇಮ್ ಮಾಡಬಹುದು.

‘ಅವನಿಗೆ ಸರ್ಕಾರದ ಮಾಸಾಶನ ಬರುತ್ತದೆ, ಎಫ್‌ಡಿ ಬಡ್ಡಿಯೂ ಇದೆ, ಹಾಗಿದ್ದರೆ ಅವಲಂಬಿತ ಹೇಗಾಗುತ್ತಾನೆ’ ಎಂಬ ಅನುಮಾನ ನಿಮಗೆ ಬರಬಹುದು. ಕಾನೂನಿನ ಮಾತು ‘ಪೂರ್ತಿಯಾಗಿ ಅಥವಾ ಮುಖ್ಯವಾಗಿ’ ಅವಲಂಬಿತ ಎಂದು. ಊಟ, ಬಟ್ಟೆ, ಆಸ್ಪತ್ರೆ, ಅವನನ್ನು ನೋಡಿಕೊಳ್ಳುವವರ ಸಂಬಳ, ಇವೆಲ್ಲ ನಿಮ್ಮ ಕೈಯಿಂದಲೇ ಹೋಗುತ್ತಿದ್ದರೆ ಅವನು ಮುಖ್ಯವಾಗಿ ನಿಮ್ಮ ಅವಲಂಬಿತನೇ. ಆ ಬಡ್ಡಿಯಲ್ಲೇ ಅವನ ಖರ್ಚೆಲ್ಲ ನಡೆಯುತ್ತಿದ್ದರೆ ಮಾತು ಬೇರೆ.

ಈಗ 75% ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅಮ್ಮಂದಿರು ಇದನ್ನು ತುಂಬಾ ನೋವಿನಿಂದ ಕೇಳುತ್ತಾರೆ. ‘ಐದು ಪರ್ಸೆಂಟ್ ಕಮ್ಮಿ ಬರೆದುಬಿಟ್ಟರು ನೋಡಿ’ ಅಂತ. ಇದು ಡಾಕ್ಟರ್ ಕೈತಪ್ಪಿ ಬರೆದ ಅಂಕಿಯಲ್ಲ. ಬೌದ್ಧಿಕ ಅಸಮರ್ಥತೆಗೆ ಶೇಕಡಾ ಕೊಡುವುದು ಮೆಟ್ಟಿಲು ಮೆಟ್ಟಿಲಾಗಿ. ಅಲ್ಪ ಮಟ್ಟದ್ದಾದರೆ 50, ಮಧ್ಯಮವಾದರೆ 75, ತೀವ್ರವಾದರೆ 90, ಅತಿ ತೀವ್ರವಾದರೆ 100. ಗಡಿಯಲ್ಲಿರುವವರಿಗೆ 25. ನಡುವೆ 80 ಎಂಬ ಮೆಟ್ಟಿಲೇ ಇಲ್ಲ. ನಿಮ್ಮ ತಮ್ಮನ ಮಟ್ಟ ಮಧ್ಯಮ ಎಂದು ಬಂದಿದೆ, ಅದಕ್ಕೆ 75. ಡಾಕ್ಟರನ್ನು ಹೋಗಿ ಒತ್ತಾಯ ಮಾಡಿ ಪ್ರಯೋಜನವಿಲ್ಲ, ಅದು ಸರಿಯೂ ಅಲ್ಲ.

ಆದರೆ ಒಂದು ಪ್ರಶ್ನೆ ಕೇಳಲೇಬೇಕು. ತಮ್ಮನಿಗೆ ಬೇರೆ ತೊಂದರೆ ಏನಾದರೂ ಇದೆಯಾ? ಕಿವಿ ಸರಿಯಾಗಿ ಕೇಳಿಸುವುದಿಲ್ಲವಾ, ಒಂದು ಕಾಲು ಎಳೆದು ನಡೆಯುತ್ತಾನಾ, ಕಣ್ಣಿನ ತೊಂದರೆ ಇದೆಯಾ? ಬುದ್ಧಿಮಾಂದ್ಯತೆ ಎಂದು ಒಮ್ಮೆ ಬರೆದ ಮೇಲೆ ಉಳಿದದ್ದನ್ನು ಯಾರೂ ಪರೀಕ್ಷೆ ಮಾಡದೆ ಬಿಟ್ಟಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಎರಡು ನ್ಯೂನತೆಗಳಿದ್ದರೆ ಅವನ್ನು ಸೇರಿಸಲು ಒಂದು ಲೆಕ್ಕ ಇದೆ. ದೊಡ್ಡ ಅಂಕಿಯನ್ನು 90ರಿಂದ ಕಳೆಯಬೇಕು, ಬಂದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಬೇಕು, ಅದನ್ನು ದೊಡ್ಡ ಅಂಕಿಗೆ ಕೂಡಿಸಬೇಕು. ನಿಮ್ಮ ತಮ್ಮನಿಗೆ 75% ಇದೆ, ಕಿವಿಯ ನ್ಯೂನತೆ 30% ಎಂದು ಬಂತು ಅಂತಿಟ್ಟುಕೊಳ್ಳಿ. 90ರಲ್ಲಿ 75 ಹೋದರೆ 15. 15 ಗುಣಿಸು 30, ಭಾಗಿಸು 90, ಅಂದರೆ 5. ಒಟ್ಟು 80%. ಅಲ್ಲಿಗೆ ಕಡಿತ 75,000ದಿಂದ 1,25,000ಕ್ಕೆ ಹೋಯಿತು. ನೀವು ಮೈಸೂರಿನಲ್ಲೇ ಇದ್ದೀರಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮ್ಮ ಊರಲ್ಲೇ ಇದೆ. ತೆರಿಗೆ ಹಾಗಿರಲಿ, ಕಿವಿ ಕೇಳಿಸದೆ ಇದ್ದವನನ್ನು 29 ವರ್ಷ ‘ಹೇಳಿದ್ದು ಅರ್ಥವಾಗಲ್ಲ ಅವನಿಗೆ’ ಅಂದುಕೊಂಡಿದ್ದರೆ ಅದು ಗೊತ್ತಾಗಲೇಬೇಕಾದ ವಿಷಯ ಅಲ್ವಾ?

ಕಾಗದದ ವಿಷಯ. ಹಳೆಯ ಕಾಗದದ ಸರ್ಟಿಫಿಕೇಟ್ ಮಾತ್ರ ಇದ್ದರೆ ಮೊದಲು ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಮಾಡಿಸಿ. 2021ರ ಜೂನ್ 1ರಿಂದ ಸರ್ಟಿಫಿಕೇಟ್ ಕೊಡುವುದು ಆ ಪೋರ್ಟಲ್ ಮೂಲಕವೇ. ಅರ್ಜಿ ಆನ್‌ಲೈನ್. ಹಳ್ಳಿಯಲ್ಲಿರುವವರಿಗೆ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ), ತಾಲೂಕು ಮಟ್ಟದ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯೂ) ಸಹಾಯ ಮಾಡುತ್ತಾರೆ. ಕಾರ್ಡ್ ಕೈಗೆ ಬಂದಾಗ ಅದರ ಬಣ್ಣ ನೋಡಿ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ತೆರಿಗೆಯ ಲೆಕ್ಕಕ್ಕೂ ಇದೇ ಗೆರೆ. ಬಿಳಿಗೆ ಏನೂ ಇಲ್ಲ, ಹಳದಿಗೆ 75,000, ನೀಲಿಗೆ 1,25,000. ನಮ್ಮಲ್ಲಿಗೆ ಬರುವವರಿಗೆ ನಾನು ಹೇಳಿಕೊಡುವುದು ಹೀಗೇ, ಮರೆಯುವುದಿಲ್ಲ.

ಇನ್ನೊಂದು ಸಾಲು ನೋಡಬೇಕು. ಸರ್ಟಿಫಿಕೇಟಿನ ಕೆಳಗಡೆ, ಸಣ್ಣ ಅಕ್ಷರದಲ್ಲಿ, ಇದು ಶಾಶ್ವತವೋ ಅಥವಾ ಇಂಥ ದಿನಾಂಕದವರೆಗೆ ಮಾತ್ರವೋ ಎಂದು ಇರುತ್ತದೆ. ಕಳೆದ ವರ್ಷ ಒಬ್ಬ ತಾಯಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಕಾಗದ ಜೋಪಾನವಾಗಿ ತಂದಿದ್ದರು. ಸರ್ಟಿಫಿಕೇಟ್ ಲ್ಯಾಮಿನೇಟ್ ಮಾಡಿಸಿದ್ದರು, ಫೋಟೋದಲ್ಲಿ ಮಗನಿಗೆ ಆರು ವರ್ಷ. ಐದು ವರ್ಷದ ನಂತರ ಮರುಪರೀಕ್ಷೆ ಎಂಬ ಸಾಲು ಲ್ಯಾಮಿನೇಶನ್ ಅಂಚಿನಲ್ಲೇ ಇತ್ತು. ಹುಡುಗನಿಗೆ ಈಗ ಹದಿನಾರು. ಐದು ವರ್ಷದಿಂದ ಅವಧಿ ಮುಗಿದ ಕಾಗದದ ಮೇಲೆ ಅವರ ಯಜಮಾನರು ಕ್ಲೇಮ್ ಮಾಡುತ್ತಲೇ ಇದ್ದರು, ಗೊತ್ತಿಲ್ಲದೆ. ನಿಯಮ ಇಷ್ಟು: ಅವಧಿ ಯಾವ ಹಣಕಾಸು ವರ್ಷದಲ್ಲಿ ಮುಗಿಯುತ್ತದೋ ಆ ವರ್ಷಕ್ಕೆ ಕಡಿತ ಸಿಗುತ್ತದೆ, ಮುಂದಿನ ವರ್ಷದಿಂದ ಹೊಸ ಸರ್ಟಿಫಿಕೇಟ್ ಬೇಕು. ಇವತ್ತೇ ನಿಮ್ಮದನ್ನು ತೆಗೆದು ಆ ಸಾಲು ಓದಿ.

ತೆರಿಗೆ ಇಲಾಖೆಗೆಂದೇ ವೈದ್ಯರು ಕೊಡುವ ಪ್ರಮಾಣಪತ್ರ, ಅಂದರೆ ಫಾರ್ಮ್ 10-ಐಎ ಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ನ್ಯೂನತೆ, ಈ ಮೂರಕ್ಕೆ ಬೇಕು. ನರರೋಗ ತಜ್ಞರು, ಮಕ್ಕಳಾದರೆ ಮಕ್ಕಳ ನರರೋಗ ತಜ್ಞರು, ಇಲ್ಲವೇ ಸರ್ಕಾರಿ ಆಸ್ಪತ್ರೆಯ ಜಿಲ್ಲಾ ಶಸ್ತ್ರಚಿಕಿತ್ಸಕರ ಮಟ್ಟದ ವೈದ್ಯರಿಂದ ಅದನ್ನು ಮಾಡಿಸಿ, ರಿಟರ್ನ್ ಹಾಕುವ ಮೊದಲೇ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಬರೀ ಬೌದ್ಧಿಕ ಅಸಮರ್ಥತೆ ಆದರೆ ಮಾಮೂಲಿ ಅಂಗವಿಕಲತೆ ಸರ್ಟಿಫಿಕೇಟ್ ಸಾಕು. ಆದರೆ ಮೇಲೆ ಹೇಳಿದಂತೆ ಕಿವಿಯದ್ದೂ ಸೇರಿ 80% ಆಯಿತೆಂದರೆ ಅದು ಬಹುವಿಧ ನ್ಯೂನತೆಯಾಗುತ್ತದೆ, ಆಗ 10-ಐಎ ಬೇಕೇ ಬೇಕು. ಈಗಿನ ರಿಟರ್ನ್ ಫಾರ್ಮ್‌ನಲ್ಲಿ 80ಡಿಡಿಗೆ ಪ್ರತ್ಯೇಕ ಪಟ್ಟಿಯೇ ಇದೆ. ಅವಲಂಬಿತ ಯಾರು, ಅವರ ಪ್ಯಾನ್, ಆಧಾರ್, ಯುಡಿಐಡಿ ನಂಬರ್, 10-ಐಎ ಸ್ವೀಕೃತಿ ಸಂಖ್ಯೆ ಎಲ್ಲ ಕೇಳುತ್ತದೆ. ಮೊದಲಿನಂತೆ ಸುಮ್ನೆ ಒಂದು ಅಂಕಿ ಹಾಕಿ ಮುಂದೆ ಹೋಗುವ ಕಾಲ ಮುಗಿಯಿತು.

ಈಗ ಮಗಳ ವಿಷಯ.

ಡಿಸ್ಲೆಕ್ಸಿಯಾವನ್ನು ಕಾನೂನು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂದು ಕರೆಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ಇದು ಇದೆ. ಹಾಗಾದರೆ ತೆರಿಗೆಯಲ್ಲೂ ಇರಬೇಕಲ್ಲ? ಇಲ್ಲೇ ತೊಡಕು. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಮತ್ತು 80ಯು, ನ್ಯೂನತೆ ಎಂದರೇನು ಎಂಬುದಕ್ಕೆ ಬೆರಳು ತೋರಿಸುವುದು 1995ರ ಹಳೆಯ ಕಾಯ್ದೆಯ ಕಡೆಗೆ, ಜೊತೆಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ನ್ಯೂನತೆಗಳ ಕಡೆಗೆ. 1995ರ ಪಟ್ಟಿಯಲ್ಲಿ ಬುದ್ಧಿಮಾಂದ್ಯತೆ ಇತ್ತು, ಕಲಿಕಾ ನ್ಯೂನತೆ ಇರಲಿಲ್ಲ. ಹಳೆಯ ಕಾಯ್ದೆ ಹೋಗಿ 2017ರ ಏಪ್ರಿಲ್ 19ರಂದು ಹೊಸದು ಜಾರಿಗೆ ಬಂತು, ಆದರೆ ತೆರಿಗೆ ಕಾಯ್ದೆಯ ಆ ಸಾಲು ಹಾಗೇ ಉಳಿಯಿತು. ಹಳೆಯ ಕಾಯ್ದೆಯ ಜಾಗಕ್ಕೆ ಹೊಸದು ಬಂದರೆ, ಬೇರೆ ಕಾಯ್ದೆಗಳಲ್ಲಿ ಹಳೆಯದರ ಹೆಸರಿದ್ದ ಕಡೆ ಹೊಸದೆಂದೇ ಓದಿಕೊಳ್ಳಬೇಕು ಎಂದು 1897ರ ಜನರಲ್ ಕ್ಲಾಸಸ್ ಕಾಯ್ದೆ ಹೇಳುತ್ತದೆ. ಅದನ್ನು ಹಿಡಿದು ವಾದ ಮಾಡಬಹುದು, ಅದು ಗಟ್ಟಿ ವಾದ ಎಂಬುದು ನನ್ನ ಅಭಿಪ್ರಾಯ. ಆದರೆ ವಾದ ಮಾಡಬೇಕಾಗಿ ಬರಬಹುದು ಎಂಬುದು ಗೊತ್ತಿದ್ದೇ ಕ್ಲೇಮ್ ಮಾಡಬೇಕು.

ಅದಕ್ಕಿಂತ ಮೊದಲು ಇನ್ನೊಂದು ಅಡ್ಡಿ ಇದೆ. ಸರ್ಟಿಫಿಕೇಟ್‌ನಲ್ಲಿ 40% ಅಥವಾ ಜಾಸ್ತಿ ಎಂದು ಅಂಕಿ ಇರಲೇಬೇಕು. ‘ಕಲಿಕಾ ನ್ಯೂನತೆ ಇದೆ’ ಎಂದಷ್ಟೇ ಬರೆದು ಶೇಕಡಾ ಬರೆಯದ ಕಾಗದಗಳನ್ನು ನಾನು ನೋಡಿದ್ದೇನೆ, ಅವುಗಳ ಮೇಲೆ ಕ್ಲೇಮ್ ನಿಲ್ಲುವುದಿಲ್ಲ. ನಿಮ್ಮ ಕೈಯಲ್ಲಿರುವುದು ಮನಶ್ಶಾಸ್ತ್ರಜ್ಞರ ರಿಪೋರ್ಟ್. ಅದು ಬೆಲೆಯುಳ್ಳದ್ದೇ, ಆದರೆ ಅದು ಅಂಗವಿಕಲತೆ ಸರ್ಟಿಫಿಕೇಟ್ ಅಲ್ಲ.

ನಿಮ್ಮ ಮನೆಯ ಮಟ್ಟಿಗೆ ಈ ವಾದಕ್ಕೆಲ್ಲ ಇಳಿಯುವ ಅಗತ್ಯವೇ ಇಲ್ಲ, ಇದು ನಿಮಗೆ ನೆಮ್ಮದಿ ಕೊಡಲಿ. ಯಾಕೆಂದರೆ ಸೆಕ್ಷನ್‌ನಲ್ಲಿರುವುದು ಒಂದು ನಿಗದಿತ ಮೊತ್ತ, ತಲೆಗೆ ಇಷ್ಟು ಎಂದು ಅಲ್ಲಿ ಬರೆದಿಲ್ಲ. ತಮ್ಮನ ಹೆಸರಿನಲ್ಲಿ ನೀವು 75,000 ತೆಗೆದುಕೊಂಡ ಮೇಲೆ ಮಗಳದ್ದನ್ನೂ ಅದೇ ರಿಟರ್ನ್‌ನಲ್ಲಿ ಸೇರಿಸಿ ಒಂದೂವರೆ ಲಕ್ಷ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮಗಳ ಹೆಸರಿನಲ್ಲಿ ಪತ್ನಿ ಕ್ಲೇಮ್ ಮಾಡಬಹುದಿತ್ತು, ಆದರೆ 5 ಲಕ್ಷದ ಸಂಬಳಕ್ಕೆ ಅವರಿಗೆ ತೆರಿಗೆಯೇ ಬೀಳುವುದಿಲ್ಲ. ಇಲ್ಲದ ತೆರಿಗೆಯಿಂದ ಏನು ಕಳೆಯುವುದು?

ಆದರೂ ಮಗಳಿಗೆ ಸರಿಯಾದ ಸರ್ಟಿಫಿಕೇಟ್ ಮಾಡಿಸಿ, ತೆರಿಗೆಗಲ್ಲ, ಅವಳಿಗಾಗಿ. ಶಾಲೆ ಮತ್ತು ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಇಂಥ ಸೌಲಭ್ಯ ಕೇಳುವಾಗ ಅದು ಬೇಕಾಗುತ್ತದೆ. ಎಂಟು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಇದನ್ನು ಕೊಡುತ್ತಾರೆ, 14ಕ್ಕೆ ಒಮ್ಮೆ, 18ಕ್ಕೆ ಒಮ್ಮೆ ಮರುಪರೀಕ್ಷೆ. 18ಕ್ಕೆ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ಪರೀಕ್ಷೆಗೆ ಬಳಸುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪ್ರಶ್ನಾಪಟ್ಟಿಗಳನ್ನೇ. ನಿಮ್ಮ ಮಗಳಿಗೆ 11, ಹತ್ತನೇ ತರಗತಿ ಬರುವ ಹೊತ್ತಿಗೆ 14ರ ಮರುಪರೀಕ್ಷೆ ಎದುರಾಗುತ್ತದೆ. ಪರೀಕ್ಷೆಯ ವರ್ಷ ಓಡಾಡುವ ಬದಲು ಒಂಬತ್ತನೇ ತರಗತಿಯಲ್ಲೇ ಮುಗಿಸಿಕೊಳ್ಳಿ.

ಇನ್ನು ಎಚ್‌ಆರ್ ಮಾತು. ಇಲ್ಲಿ ನಾನು ಕಹಿ ಸತ್ಯ ಹೇಳಬೇಕು.

2023-24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಅದರಲ್ಲಿ 80ಡಿಡಿ ಇಲ್ಲ, 80ಯು ಕೂಡ ಇಲ್ಲ. ನ್ಯೂನತೆ ಇರುವ ಮಗುವನ್ನು ಸಾಕುವ ಮನೆಯೂ ಒಂದೇ, ಸಾಕದ ಮನೆಯೂ ಒಂದೇ ಎಂಬಂತೆ ಲೆಕ್ಕ ಹಾಕುತ್ತದೆ ಅದು. ಈ ಎರಡನ್ನಾದರೂ ಹೊಸ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಿತ್ತು, ಇದು ತಪ್ಪು ಎಂದೇ ನಾನು ನಂಬಿದ್ದೇನೆ. ಇಂಥ ಮನೆಗಳಲ್ಲಿ ಒಬ್ಬರು ಕೆಲಸ ಬಿಟ್ಟು ಕೂತಿರುತ್ತಾರೆ, ಆ ನಷ್ಟ ಯಾವ ಫಾರ್ಮ್‌ನಲ್ಲೂ ಕಾಣುವುದಿಲ್ಲ.

ಆದರೆ ಕೋಪದಲ್ಲಿ ಹಳೆಯ ಪದ್ಧತಿ ಆರಿಸಿಕೊಂಡು ಜಾಸ್ತಿ ತೆರಿಗೆ ಕಟ್ಟಬೇಡಿ. ಲೆಕ್ಕ ಹಾಕಿ ನೋಡಿ. 2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಸೊನ್ನೆ. ಅಷ್ಟರೊಳಗೆ ಸಂಬಳವಿದ್ದು ಬೇರೆ ಆದಾಯ ಇಲ್ಲದವರು 80ಡಿಡಿ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ. ನಿಮ್ಮದು 15 ಲಕ್ಷ. ಹೊಸದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ 14.25 ಲಕ್ಷಕ್ಕೆ ತೆರಿಗೆ 93,750, ಸೆಸ್ ಸೇರಿ 97,500.

ಹಳೆಯದರಲ್ಲಿ ನೋಡೋಣ. 15 ಲಕ್ಷದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಪಿಎಫ್ ಮುಂತಾದವಕ್ಕೆ 80ಸಿ ಒಂದೂವರೆ ಲಕ್ಷ, ಮನೆ ಸಾಲದ ಬಡ್ಡಿ 2 ಲಕ್ಷ, ನಿಮ್ಮ ಆರೋಗ್ಯ ವಿಮೆ 25,000, ತಮ್ಮನ 75,000 ಕಳೆಯಿರಿ. ಉಳಿದದ್ದು 10 ಲಕ್ಷ, ತೆರಿಗೆ ಸೆಸ್ ಸೇರಿ 1,17,000. ಹೊಸದಕ್ಕಿಂತ 19,500 ಜಾಸ್ತಿ! ಇಷ್ಟೆಲ್ಲ ಕಳೆದ ಮೇಲೂ. ಇದರ ಮೇಲೆ ಅಮ್ಮ 60 ದಾಟಿದ್ದು ಅವರ ವಿಮೆಗೆ 50,000 ಕಟ್ಟುತ್ತಿದ್ದರೆ, ಎನ್‌ಪಿಎಸ್ ಪಿಂಚಣಿ ಯೋಜನೆಗೆ ಇನ್ನೊಂದು 50,000 ಹಾಕುತ್ತಿದ್ದರೆ, ಆಗ 9 ಲಕ್ಷಕ್ಕೆ ತೆರಿಗೆ 96,200. ಹೊಸದಕ್ಕಿಂತ 1,300 ರೂಪಾಯಿ ಕಡಿಮೆ. ತಮ್ಮನ ಕಾರ್ಡ್ ಹಳದಿಯಿಂದ ನೀಲಿಗೆ ಬಂದರೆ 85,800 ಆಗುತ್ತದೆ, ಉಳಿತಾಯ 11,700.

ಹಾಗಾಗಿ ನನ್ನ ಸಲಹೆ: ವಿಮೆ, ಎನ್‌ಪಿಎಸ್ ಎಲ್ಲ ನೀವು ಹೇಗೂ ಕಟ್ಟುತ್ತಿದ್ದರೆ ಹಳೆಯದನ್ನು ನೋಡಿ. ಬರೀ ತೆರಿಗೆಗೋಸ್ಕರ ಲಕ್ಷ ರೂಪಾಯಿ ಕಟ್ಟಿಹಾಕಿ 1,300 ಉಳಿಸುವುದಕ್ಕೆ ಅರ್ಥವಿಲ್ಲ, ಆ ದುಡ್ಡು ತಮ್ಮನ ಖರ್ಚಿಗೇ ಇರಲಿ. ಆಫೀಸಿನವರು ಹೊಸ ಪದ್ಧತಿಯಲ್ಲಿ ಟಿಡಿಎಸ್ ಹಿಡಿದಿದ್ದರೂ ರಿಟರ್ನ್ ಹಾಕುವಾಗ ನೀವು ಹಳೆಯದಕ್ಕೆ ಬದಲಾಯಿಸಬಹುದು, ರೀಫಂಡ್ ಬರುತ್ತದೆ. ಎಚ್‌ಆರ್ ಹೇಳದೆ ಬಿಟ್ಟದ್ದು ಇದು. ಆದರೆ ಕೊನೆಯ ದಿನಾಂಕದೊಳಗೆ ಹಾಕಬೇಕು. ತಡವಾಗಿ ಹಾಕಿದರೆ ಹಳೆಯದನ್ನು ಆರಿಸಿಕೊಳ್ಳುವ ಅವಕಾಶವೇ ಇಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿರುವುದರಿಂದ 2026-27ರ ಆದಾಯದಿಂದ ಸೆಕ್ಷನ್ ನಂಬರುಗಳು ಬದಲಾಗುತ್ತವೆ. 2025-26ರ ಆದಾಯಕ್ಕೆ ಹಳೆಯ ನಂಬರುಗಳೇ.

ಇನ್ನು ಎಫ್‌ಡಿ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕಾಳಜಿಯಾದದ್ದು ಇದೇ.

12 ಲಕ್ಷಕ್ಕೆ 7% ಎಂದರೆ ವರ್ಷಕ್ಕೆ 84,000 ಬಡ್ಡಿ. 50,000 ದಾಟಿದ್ದರಿಂದ ಬ್ಯಾಂಕ್ 10% ಹಿಡಿದಿದೆ, ಅಂದರೆ 8,400. ಪ್ಯಾನ್ ಕೊಟ್ಟಿಲ್ಲದಿದ್ದರೆ 20% ಹಿಡಿದಿರುತ್ತಾರೆ. ಈ ಬಡ್ಡಿ ತಮ್ಮನ ಸ್ವಂತ ಆದಾಯ, ನಿಮ್ಮ ಆದಾಯಕ್ಕೆ ಸೇರುವುದಿಲ್ಲ. ಅವನಿಗೆ ತೆರಿಗೆಯೂ ಬೀಳುವುದಿಲ್ಲ. ಮುಂದೆ ಪ್ರತಿ ಏಪ್ರಿಲ್‌ನಲ್ಲಿ ಅವನ ಪರವಾಗಿ ‘ತೆರಿಗೆ ಬೀಳುವಷ್ಟು ಆದಾಯವಿಲ್ಲ’ ಎಂಬ ಘೋಷಣೆಯನ್ನು (2026ರ ಮಾರ್ಚ್‌ವರೆಗೆ ಇದು ಫಾರ್ಮ್ 15ಜಿ ಆಗಿತ್ತು) ಬ್ಯಾಂಕಿಗೆ ಕೊಟ್ಟುಬಿಡಿ, ಹಿಡಿಯುವುದಿಲ್ಲ. ಈಗ ಹಿಡಿದದ್ದನ್ನು ವಾಪಸ್ ಪಡೆಯಲು ಅವನ ಹೆಸರಿನಲ್ಲಿ ರಿಟರ್ನ್ ಹಾಕಬೇಕು.

ಯಾರು ಸಹಿ ಮಾಡುತ್ತಾರೆ? ಅವನಿಗೆ 18 ದಾಟಿದೆ. ಅಣ್ಣ ಎಂದ ಮಾತ್ರಕ್ಕೆ ನೀವು ಅವನ ಕಾನೂನುಬದ್ಧ ಪೋಷಕರಲ್ಲ, ಅಮ್ಮ ಕೂಡ ಅಲ್ಲ. ಇದು ಬಹಳ ಮನೆಗಳಿಗೆ ಗೊತ್ತೇ ಇಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಅಲ್ಲಿ ಅರ್ಜಿ ಹಾಕಿ ಗಾರ್ಡಿಯನ್‌ಶಿಪ್ ಸರ್ಟಿಫಿಕೇಟ್ ಪಡೆಯಿರಿ. ಬ್ಯಾಂಕಿಗೂ ಅದೇ ಬೇಕು, ತೆರಿಗೆ ಪೋರ್ಟಲ್‌ನಲ್ಲಿ ಅವನ ಪರವಾಗಿ ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಲೂ ಅದೇ ಬೇಕು. ಅಮ್ಮನ ಹೆಸರಿನಲ್ಲೋ ನಿಮ್ಮ ಹೆಸರಿನಲ್ಲೋ ಎಂದು ಮನೆಯಲ್ಲಿ ಕೂತು ಮಾತಾಡಿ. ವಯಸ್ಸು ನೋಡಿದರೆ ನಿಮ್ಮ ಹೆಸರಿನಲ್ಲಿರುವುದು ಒಳ್ಳೆಯದು ಅಂತ ನನಗನಿಸುತ್ತದೆ, ಆದರೆ ಅಮ್ಮನಿಗೆ ಒಪ್ಪಿಗೆಯಾಗಲಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: 1961ರ ಕಾಯ್ದೆಯಲ್ಲಿ ಈ ಪ್ರತಿನಿಧಿಯ ಸೆಕ್ಷನ್ ಓದಿದರೆ ನಿಮ್ಮ ತಮ್ಮನಂಥವರಿಗೆ ಬಳಸಿರುವ ಇಂಗ್ಲಿಷ್ ಪದಗಳು ‘ಲುನಾಟಿಕ್’, ‘ಈಡಿಯಟ್’. ಅದನ್ನು ಕಂಡು ಕಣ್ಣೀರು ಹಾಕಿದ ತಂದೆಯೊಬ್ಬರನ್ನು ನಾನು ನೋಡಿದ್ದೇನೆ. ಅದು ಹಳೆಯ ಕಾಲದ ಭಾಷೆ, ನಿಮ್ಮ ತಮ್ಮನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಇಲ್ಲೇ ಒಂದು ಹಳ್ಳ ಇದೆ, ಹುಷಾರು. ತಮ್ಮನ ಆ ರೀಫಂಡ್ ರಿಟರ್ನ್‌ನಲ್ಲಿ 80ಯು ಹಾಕಬೇಡಿ. ಅವನೇ 80ಯು ತೆಗೆದುಕೊಂಡರೆ ನಿಮಗೆ 80ಡಿಡಿ ಸಿಗುವುದಿಲ್ಲ, ಕಾನೂನಿನಲ್ಲೇ ಹಾಗಿದೆ. ನನ್ನ ಬಳಿ ಬಂದ ಒಂದು ಕುಟುಂಬದಲ್ಲಿ ಹೀಗೇ ಆಗಿತ್ತು. ತಂಗಿಗೆ 4,000 ಚಿಲ್ಲರೆ ರೀಫಂಡ್ ಬರಬೇಕಿತ್ತು. ರಿಟರ್ನ್ ತುಂಬಿದವರು, ಸರ್ಟಿಫಿಕೇಟ್ ಇದೆಯಲ್ಲ ಎಂದು 80ಯು ಹಾಕಿದ್ದರು, ಬೇಕಾಗಿಯೇ ಇರಲಿಲ್ಲ. ತಂಗಿಯ ರೀಫಂಡ್ ಬಂತು, ಅಕ್ಕನ 80ಡಿಡಿ ಹೋಯಿತು, 26,000 ತೆರಿಗೆ ಮತ್ತು ಮೇಲೆ ಬಡ್ಡಿ ಕಟ್ಟಬೇಕಾಯಿತು. ತಂಗಿಯ ಆದಾಯಕ್ಕೆ ತೆರಿಗೆಯೇ ಇರಲಿಲ್ಲ, ಆ ಕಡಿತದಿಂದ ಅವಳಿಗೆ ಒಂದು ಪೈಸೆ ಲಾಭವೂ ಆಗಲಿಲ್ಲ.

ಇದೇ ಎಳೆಯಲ್ಲಿ ಚಿಕ್ಕ ಮಕ್ಕಳಿರುವ ಬೇರೆ ಓದುಗರಿಗೂ ಒಂದು ವಿಷಯ. ಸಾಮಾನ್ಯವಾಗಿ 18 ತುಂಬದ ಮಕ್ಕಳ ಹೆಸರಿನ ಎಫ್‌ಡಿ ಬಡ್ಡಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ. ಆದರೆ 80ಯು ಹೇಳುವ ನ್ಯೂನತೆ ಇರುವ ಮಗುವಿನ ಆದಾಯ ಸೇರುವುದಿಲ್ಲ, ಸೆಕ್ಷನ್ 64(1ಎ) ಅದನ್ನು ಹೊರಗಿಟ್ಟಿದೆ. ಮಗುವಿನ ಹೆಸರಿನಲ್ಲಿ ಪ್ಯಾನ್ ಮಾಡಿಸಿ ಠೇವಣಿ ಇಟ್ಟರೆ ಬಡ್ಡಿ ಮಗುವಿನದೇ ಆದಾಯ. ಹೊಸ ಪದ್ಧತಿಯಲ್ಲಿರುವವರಿಗೂ ಇದು ಸಿಗುತ್ತದೆ, ಹಾಗಾಗಿ ಇವತ್ತಿನ ಮಟ್ಟಿಗೆ ಇದು 80ಡಿಡಿಗಿಂತ ದೊಡ್ಡ ಅನುಕೂಲ. ಆದರೂ ಇದರ ಬಗ್ಗೆ ಕೇಳಿಕೊಂಡು ಬರುವವರು ತುಂಬಾ ಕಮ್ಮಿ.

ತಮ್ಮನ ಭವಿಷ್ಯಕ್ಕೆಂದು ಯಾರಾದರೂ ವಿಮೆ ಪಾಲಿಸಿ ತಂದರೆ ಆತುರಪಡಬೇಡಿ. ಎಲ್‌ಐಸಿ ಅಥವಾ ಬೇರೆ ವಿಮಾ ಕಂಪನಿಗಳ ನಿಗದಿತ ಯೋಜನೆಗೆ ಕಟ್ಟಿದ ಹಣಕ್ಕೂ 80ಡಿಡಿ ಸಿಗುತ್ತದೆ, ಆದರೆ ಅದೂ ಅದೇ 75,000ದ ಒಳಗೇ, ಬೇರೆ ಅಲ್ಲ. ಮೊದಲು ಇಂಥ ಯೋಜನೆಗಳಲ್ಲಿ ಹಣ ಕಟ್ಟಿದ ತಂದೆ ತಾಯಿ ತೀರಿಕೊಂಡ ಮೇಲೆ ಮಾತ್ರ ಮಗುವಿಗೆ ಹಣ ಬರಬೇಕು ಎಂಬ ಷರತ್ತಿತ್ತು. ಬದುಕಿದ್ದಾಗಲೇ ಬೇಕಾದರೆ? ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2019ರಲ್ಲಿ ಕೋರ್ಟ್ ಕಾನೂನನ್ನು ತಾನೇ ಬದಲಾಯಿಸಲು ಒಪ್ಪಲಿಲ್ಲ, ಆದರೆ ಈ ತೊಂದರೆ ನಿಜ, ಸರ್ಕಾರ ಮತ್ತೆ ಯೋಚಿಸಲಿ ಎಂದಿತು. 2022ರ ಬಜೆಟ್‌ನಲ್ಲಿ ಬದಲಾಯಿತು. ಈಗ ಹಣ ಕಟ್ಟಿದವರಿಗೆ 60 ತುಂಬಿ, ಕಟ್ಟುವುದು ನಿಂತ ಮೇಲೆ, ಅವರು ಬದುಕಿದ್ದಾಗಲೇ ಹಣ ಬರಲು ಶುರುವಾಗಬಹುದು. ಒಬ್ಬ ತಂದೆಯ ಹಟದಿಂದ ಎಲ್ಲರಿಗೂ ಆದ ಉಪಕಾರ ಇದು.

ಇನ್ನೂ ಕೆಲವು, ಬೇಗ ಹೇಳುತ್ತೇನೆ. ಏಜೆಂಟ್ 80ಡಿಡಿಬಿ ಎಂದರೆ ಬೇಡ ಅನ್ನಿ. ಅದು ಕ್ಯಾನ್ಸರ್, ಕಿಡ್ನಿ ವೈಫಲ್ಯ, ಪಾರ್ಕಿನ್ಸನ್, ಹಿಮೋಫಿಲಿಯಾದಂಥ ನಿಗದಿತ ಕಾಯಿಲೆಗಳ ಚಿಕಿತ್ಸೆಗೆ, ಬುದ್ಧಿಮಾಂದ್ಯತೆಗೂ ಡಿಸ್ಲೆಕ್ಸಿಯಾಗೂ ಅಲ್ಲ. ವಿದೇಶದಲ್ಲಿರುವ ಅಣ್ಣಂದಿರು ಊರಿನ ತಮ್ಮನಿಗೆ ದುಡ್ಡು ಕಳಿಸುತ್ತಿದ್ದರೂ 80ಡಿಡಿ ಸಿಗುವುದಿಲ್ಲ, ತೆರಿಗೆಯ ಲೆಕ್ಕದಲ್ಲಿ ಭಾರತದ ನಿವಾಸಿಯಾಗಿರಬೇಕು. ಮುಂಬೈ, ಪುಣೆ, ಸೊಲ್ಲಾಪುರದ ಕಡೆ ಕೆಲಸದಲ್ಲಿರುವ ಕನ್ನಡಿಗರು ಅಲ್ಲಿಯ ವೃತ್ತಿ ತೆರಿಗೆಯನ್ನು ವಿಚಾರಿಸಿ, ಮಹಾರಾಷ್ಟ್ರದಲ್ಲಿ ಬುದ್ಧಿಮಾಂದ್ಯರ ತಂದೆ ತಾಯಿ ಅಥವಾ ಪೋಷಕರಿಗೆ ಅದರಿಂದ ವಿನಾಯಿತಿ ಇದೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ ತಮ್ಮನಿಗೆ 1 ಲಕ್ಷದವರೆಗೆ ಆರೋಗ್ಯ ವಿಮೆ ಸಿಗುತ್ತದೆ. ತೆರಿಗೆಗೆ ಸಂಬಂಧವಿಲ್ಲ, ಆದರೂ ಮಾಡಿಸಿಬಿಡಿ. ಮಗಳಿಗೆ ಅದು ಬರುವುದಿಲ್ಲ, ಕಲಿಕಾ ನ್ಯೂನತೆ ಆ ಕಾಯ್ದೆಯಲ್ಲಿಲ್ಲ.

ಹಿಂದಿನ ವರ್ಷಗಳ ಬಗ್ಗೆ ಕೇಳಿದ್ದೀರಿ. ತಂದೆ ಇದ್ದಾಗ ತಮ್ಮ ಅವರ ಅವಲಂಬಿತ, ಆಗಿನದನ್ನು ನೀವು ಕೇಳುವಂತಿಲ್ಲ. ಆಮೇಲಿನ ವರ್ಷಗಳಲ್ಲಿ ನಿಮ್ಮ ರಿಟರ್ನ್ ಹೊಸ ಪದ್ಧತಿಯಲ್ಲೇ ಹೋಗಿದ್ದರೆ ಅಲ್ಲೂ ಏನಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಹಳೆಯ ಪದ್ಧತಿಯಲ್ಲಿದ್ದೂ ಬಿಟ್ಟುಹೋಗಿದ್ದರೆ, ಆ ವರ್ಷ ಚಾಲ್ತಿಯಲ್ಲಿದ್ದ ಸರ್ಟಿಫಿಕೇಟ್ ಕೈಯಲ್ಲಿದ್ದರೆ, ಸೆಕ್ಷನ್ 119(2)(ಬಿ) ಅಡಿಯಲ್ಲಿ ವಿಳಂಬ ಮನ್ನಿಸಿ ಎಂದು ಆದಾಯ ತೆರಿಗೆ ಆಯುಕ್ತರಿಗೆ ಅರ್ಜಿ ಹಾಕಬಹುದು. ಆಯಾ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ ವರ್ಷ) ಮುಗಿದು ಐದು ವರ್ಷದೊಳಗೆ ಹಾಕಬೇಕು. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು, ಆದರೆ ಕಾಗದ ಸರಿಯಾಗಿದ್ದು, ಮನೆಯ ಕಷ್ಟವನ್ನು ಇದ್ದದ್ದು ಇದ್ದ ಹಾಗೆ ಬರೆದರೆ ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಐಟಿಆರ್-ಯು (ಹಿಂದಿನ ವರ್ಷದ ರಿಟರ್ನನ್ನು ಆಮೇಲೆ ತಿದ್ದಿ ಹಾಕುವ ಫಾರ್ಮ್) ಮೂಲಕ ಇದು ಆಗುವುದಿಲ್ಲ, ಅದು ತೆರಿಗೆ ಜಾಸ್ತಿ ಕಟ್ಟುವವರಿಗೆ ಮಾತ್ರ.

ನಿಮ್ಮ ಕೆಲಸ ಈಗ ಹೀಗಿದೆ. ಸರ್ಟಿಫಿಕೇಟಿನ ಆ ಸಣ್ಣ ಸಾಲು ಇವತ್ತು ನೋಡಿ. ತಮ್ಮನ ಕಿವಿ ಪರೀಕ್ಷೆ ಈ ತಿಂಗಳು ಮಾಡಿಸಿ. ಗಾರ್ಡಿಯನ್‌ಶಿಪ್ ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ, ಅದಕ್ಕೆ ಸಮಯ ಹಿಡಿಯುತ್ತದೆ. ಹೋಗುವಾಗ ತಮ್ಮನನ್ನು ಕರೆದುಕೊಂಡು ಹೋಗಿ, ಸಮಿತಿಯವರು ಅವನನ್ನು ನೋಡಿ ಮಾತಾಡಿಸಬೇಕಾಗುತ್ತದೆ. ಬೆಳಗ್ಗೆ ತಿಂಡಿ ಮಾಡಿಸಿಕೊಂಡೇ ಹೊರಡಿ, ಕಾಯುವುದು ಇರುತ್ತದೆ.